ಹದ್ದು ಹಿಡಿದ ಕತ್ತರಿ

ಗಡಿ ದಾಟುವ ಬಸ್ಸುಗಳ ತಪಾಸಣೆ ಹಾಲ್‌ನಲ್ಲಿ ಎಕ್ಸ್‌ರೇ ಪರದೆಯ ಮುಂದೆ ಕೂರುವವನಿಗೆ ಜೊತೆಯವರು ಇಟ್ಟ ಹೆಸರು ಹದ್ದು. ಕಣ್ಣು ಚುರುಕು ಅಂತಲ್ಲ, ಕಾಲೆಳೆಯಲು. ಪರದೆ ನೋಡುವವರು ತೂಕಡಿಸದಿರಲಿ ಅಂತ ಯಂತ್ರವೇ ಆಗಾಗ ಯಾರದೋ ಚೀಲದ ಚಿತ್ರದೊಳಗೆ ಸುಳ್ಳು ಪಿಸ್ತೂಲೊಂದನ್ನು ತೂರಿಸುತ್ತಿತ್ತು. ಕಂಡವನು ಗುಂಡಿ ಒತ್ತಿದರೆ ‘ಭೇಷ್, ಇದು ಪರೀಕ್ಷೆ’ ಅಂತ ಪರದೆ ಮೇಲೆ ಮೂಡುತ್ತಿತ್ತು. ಇವನಿಗೆ ಭೇಷ್ ಸಿಕ್ಕಿ ಬಹಳ ಕಾಲವಾಗಿತ್ತು. ಪಿಸ್ತೂಲುಗಳು ಇವನ ಮೂಗಿನ ಕೆಳಗೇ ಮೆರವಣಿಗೆ ಹೋಗಿದ್ದವು.

‘ಇನ್ನೊಂದು ಎಡವಟ್ಟು ಮಾಡು, ಪಾರ್ಕಿಂಗ್ ಗೇಟಿಗೆ ಹಾಕ್ತೀನಿ. ಕಂಬಿ ಎತ್ತೋದು, ಇಳಿಸೋದು. ಅದಕ್ಕೆ ಕಣ್ಣೂ ಬೇಡ,’ ಅಂದಿದ್ದರು ಮೇಲ್ವಿಚಾರಕಿ ಮೇಡಂ.

ಮನೆಯಲ್ಲಿ ಮಾತ್ರ ಅವನ ವರಸೆಯೇ ಬೇರೆ. ‘ಅಲ್ಲಿ ನನ್ನನ್ನ ಹದ್ದು ಅಂತಾರೆ. ನಾನು ಕಣ್ಣು ಮಿಟುಕಿಸಿದ್ರೆ ದೇಶದ ಗತಿ ಏನು, ಗೊತ್ತಾ?’ ಅಂತ ಆ ಬೆಳಿಗ್ಗೆಯೂ ಅಕ್ಕನ ಮುಂದೆ ಕೊಚ್ಚಿಕೊಂಡಿದ್ದ. ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ಏನೋ ಹೇಳುತ್ತಲೇ ಇದ್ದಳು. ಇವನು ಫೋನ್ ನೋಡುತ್ತ ಹೂಂ, ಹೂಂ ಅಂದು ಚೀಲ ಹೆಗಲಿಗೇರಿಸಿ ಹೊರಟಿದ್ದ. ದೇಶ ಇವನನ್ನು ನಂಬಿಕೊಂಡಿತ್ತು, ಪಾಪ.

ಸಿಬ್ಬಂದಿಯ ಚೀಲಗಳೂ ಅದೇ ಯಂತ್ರದೊಳಗೆ ಹೋಗಬೇಕೆಂಬುದು ನಿಯಮ. ಪ್ರಯಾಣಿಕರ ಪೆಟ್ಟಿಗೆಗಳ ಹಿಂದೆ ತನ್ನದನ್ನೂ ಬೆಲ್ಟಿನ ಮೇಲಿಟ್ಟು, ಸುತ್ತು ಹಾಕಿ ಬಂದು ಕುರ್ಚಿಯಲ್ಲಿ ಕೂತ. ಪರದೆಯಲ್ಲಿ ಯಾವ ಚೀಲಕ್ಕೂ ಅದರ ಬಣ್ಣ ಇರುವುದಿಲ್ಲ. ಬಟ್ಟೆ, ಊಟ ಎಲ್ಲ ಕಿತ್ತಳೆ, ಕಬ್ಬಿಣ ನೀಲಿ. ಒಂದರ ಹಿಂದೊಂದು ಬಂದವು. ಆಮೇಲೆ ಬಂತು ಕಡುನೀಲಿ ಕತ್ತರಿ, ಮೊಳದುದ್ದದ್ದು.

ಗುಂಡಿ ಒತ್ತಿದ. ಭೇಷ್ ಬರಲಿಲ್ಲ. ಅಂದರೆ ಪರೀಕ್ಷೆಯಲ್ಲ, ನಿಜ! ಬೆಲ್ಟು ನಿಂತಿತು. ಇವನು ಎದ್ದು ನಿಂತ, ಎದೆಯೂ ಒಂದಿಷ್ಟು ಎದ್ದಿತು.

‘ಯಾರ್ರೀ ಇದರ ಯಜಮಾನ್ರು? ಗಡಿ ದಾಟೋಕೆ ಇಷ್ಟುದ್ದ ಕತ್ತರಿ ತರ್ತಾರಾ? ತಲೆಯೊಳಗೆ ಮೆದುಳು ಇದೆಯೋ, ಮರದ ಹೊಟ್ಟು ತುಂಬಿದೆಯೋ?’

ಯಾರೂ ಮುಂದೆ ಬರಲಿಲ್ಲ. ಮೇಡಂ ಓಡಿಬಂದರು. ‘ವಾರಸುದಾರರಿಲ್ಲ ಅಂದ್ರೆ ಹಾಲ್ ಖಾಲಿ ಮಾಡಿಸಿ ಬಾಂಬ್ ದಳ ಕರೀಬೇಕು. ಗಡಿ ಬಂದ್.’

‘ನನ್ನ ಮಗಳು ಆಸ್ಪತ್ರೇಲಿ ಕಾಯ್ತಿದಾಳಪ್ಪಾ,’ ಅಂತ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗೋಗರೆದರು.

ಇವನು ಗತ್ತಿನಿಂದ ಯಂತ್ರದ ಬಾಯಿಯ ರಬ್ಬರ್ ಪರದೆ ಸರಿಸಿ ನೋಡಿದ. ಚೀಲದ ಪಟ್ಟಿಗೆ ಹಳದಿ ದಾರದ ಹೊಲಿಗೆ. ಅಕ್ಕನ ಹೊಲಿಗೆ. ಬೆಳಿಗ್ಗೆಯ ಮಾತು ಈಗ ಕಿವಿ ಮುಟ್ಟಿತು: ‘ಕತ್ತರಿ ನಿನ್ನ ಚೀಲದಲ್ಲಿಟ್ಟಿದೀನಿ ಕಣೋ, ದಾರೀಲಿ ಸಾಣೆ ಹಿಡಿಸಿಬಿಡು.’

ಸುಮ್ಮನಿದ್ದರೆ? ಬಾಂಬ್ ದಳ ಬಂದು ಚೀಲ ಬಿಚ್ಚುವ ಹೊತ್ತಿಗೆ ಏನಾದರೂ ಹೊಳೆಯಬಹುದು. ಅಷ್ಟರಲ್ಲಿ ಅಜ್ಜಿ ಹೊರಗೆ ಬಿಸಿಲಲ್ಲಿ. ಬಾಯಿ ಬಿಟ್ಟರೆ ತಾನು ಗೇಟಿನಲ್ಲಿ. ಅವನು ಅಜ್ಜಿಯ ಮುಖ ನೋಡಬಾರದಿತ್ತು, ನೋಡಿಬಿಟ್ಟ.

‘ಮೇಡಂ... ನಂದು.’

‘ಏನು, ತಪ್ಪಾ?’

‘ಚೀಲ.’

ಸಾಲಿನ ಹಿಂದಿನಿಂದ ಬಸ್ ಡ್ರೈವರ್ ಕೇಳಿದ, ‘ಮರದ ಹೊಟ್ಟು ಸಿಕ್ತಲ್ಲ, ಇನ್ನು ಹೊರಡೋಣ್ವಾ ಸಾರ್?’

ಅಜ್ಜಿಗೂ ನಗು ತಡೆಯಲಾಗಲಿಲ್ಲ.

‘ಹಿಡಿದಿದ್ದಕ್ಕೆ ಭೇಷ್,’ ಅಂದರು ಮೇಡಂ. ‘ತಂದಿದ್ದಕ್ಕೆ ಗೇಟು.’

ಮರುದಿನ ಅವನು ಕಂಬಿ ಎತ್ತುತ್ತ, ಇಳಿಸುತ್ತ ನಿಂತಿದ್ದ. ಜಪ್ತಿಯಾದ ಕತ್ತರಿ ಬಿಡಿಸಿಕೊಳ್ಳಲು ಅಕ್ಕ ಸ್ಕೂಟರಿನಲ್ಲಿ ಬಂದಳು.

‘ಕಂಬಿ ಎತ್ತೋ.’

‘ಚೀಲದಲ್ಲಿ ಏನಿದೆ?’ ಅಂದ, ಅಭ್ಯಾಸ.

‘ನಿನ್ನ ಊಟದ ಡಬ್ಬಿ, ನೀನು ಮರೆತು ಬಂದಿದ್ದೆ. ಬೆಳಿಗ್ಗೆ ನಾನು ಎರಡು ಸಲ ಹೇಳಿದೆ, ನೀನು ಎರಡು ಸಲವೂ ಹೂಂ ಅಂದೆ.’ ಅಕ್ಕ ಚೀಲದ ಬಾಯಿ ಅಗಲಿಸಿ ಅವನ ಮುಖದ ಹತ್ತಿರ ಹಿಡಿದಳು. ‘ನೋಡ್ಕೋ ಹದ್ದಣ್ಣ.’

ಅವನು ಬಗ್ಗಿ, ಡಬ್ಬಿ ಎತ್ತಿ, ಅದರಡಿಯೂ ಕೈಯಾಡಿಸಿ ನೋಡಿದ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು.