ಕೂತವರ ಕುಣಿತ

ಭಾವ ಶನಿವಾರ ಬೇರೆ ಕಂಪನಿಯ ಸಂಗೀತ ನಾಟಕ ನೋಡಿ ಬಂದರೆಂದರೆ, ಸೋಮವಾರ ತಾಲೀಮಿನ ಕೋಣೆಯಲ್ಲಿ ಯಾರದೋ ಸೊಂಟ ಉಳುಕಿತೆಂದೇ ಅರ್ಥ. ನೋಡಿದ್ದನ್ನೆಲ್ಲ ಮನೆಗೆ ಹೊತ್ತು ತರುವ ಚಾಳಿ ಅವರದು. ಕೆಲವರು ಮದುವೆಮನೆಯಿಂದ ಬೇರೆಯವರ ಚಪ್ಪಲಿ ಹಾಕಿಕೊಂಡು ಬರುತ್ತಾರಲ್ಲ, ಹಾಗೆ ಇವರು ಬೇರೆಯವರ ಹೆಜ್ಜೆ ಹಾಕಿಕೊಂಡು ಬರುತ್ತಿದ್ದರು. ಬಂದವರು ಮಾತು ಶುರು ಮಾಡುತ್ತಿದ್ದುದೇ "ಅಲ್ಲಿದ್ದ ಹಾಗೆ" ಎಂದು. ಕುಣಿಯುವವರು ಬೆನ್ನ ಹಿಂದೆ ಅವರಿಗೆ ಅದೇ ಹೆಸರಿಟ್ಟಿದ್ದರು. "ಅಲ್ಲಿದ್ದಹಾಗೆ ಬಂದ್ರು, ಎದ್ದು ನಿಂತ್ಕೊಳ್ರೋ" ಎಂದು ಒಬ್ಬ ಪಿಸುಗುಟ್ಟಿದರೆ ಸಾಲು ನೆಟ್ಟಗಾಗುತ್ತಿತ್ತು.

ಕಂಪನಿ ಕಟ್ಟಿದ್ದು ಮಾವ. ಅವರು ಹೋದ ಮೇಲೆ ಹಿರಿಮಗ, ಅಂದರೆ ಈ ಭಾವ, ನಿರ್ದೇಶಕರಾದರು. ಕಿರಿಮಗ ಹಾಡುಗಳಿಗೆ ರಾಗ ಕೂಡಿಸುವವನು. ಅವನ ವಿಶೇಷವೇನೆಂದರೆ ಕೀಬೋರ್ಡಿನ ಮುಂದೆ ಕೂತರೂ ಅಷ್ಟೆ, ಎದ್ದರೂ ಅಷ್ಟೆ, ಎಲ್ಲರಿಗೂ ತಾಳ ಹಾಕುತ್ತಿದ್ದ. ಅತ್ತೆ ಉಡುಪಿನ ಕೋಣೆಯ ಒಡತಿ. ಕಿರಿಸೊಸೆ, ಆ ಕಿರಿಮಗನ ಹೆಂಡತಿ, ಕುಣಿತ ಕಲಿಸುವವಳು. ಇಷ್ಟು ವರ್ಷ ಅವಳಿಗೆ ಸಿಕ್ಕ ಕೆಲಸವೆಂದರೆ ಮಾವ ಕಟ್ಟಿಹೋದ ಹಳೆಯ ಕುಣಿತಗಳ ಧೂಳು ಒರೆಸಿ ಹೊಸಬರಿಗೆ ತೊಡಿಸುವುದು. ತನ್ನದೇ ಅನ್ನುವಂಥದ್ದು ಒಂದನ್ನೂ ಅವಳು ಕಟ್ಟಿರಲಿಲ್ಲ.

ಈ ಸಲ ಕಟ್ಟಿದ್ದಳು. ಹೊಸ ನಾಟಕ ಆಸ್ಪತ್ರೆಯೊಂದರ ಕಾಯುವ ಕೋಣೆಯಲ್ಲಿ ನಡೆಯುವಂಥದ್ದು. ಅದರ ನಡುವಿನ ಹಾಡಿಗೆ ಅವಳು ಮಾಡಿದ ಕುಣಿತದಲ್ಲಿ ಯಾರೂ ಏಳುವುದೇ ಇಲ್ಲ. ಸಾಲು ಕುರ್ಚಿಗಳಲ್ಲಿ ಜನ ಕೂತಿರುತ್ತಾರೆ. ಒಳಗಿನ ಬಾಗಿಲು ತೆರೆದ ಸದ್ದಾದಾಗೆಲ್ಲ ಕತ್ತುಗಳು ತಿರುಗುತ್ತವೆ. ಕರೆದದ್ದು ತಮ್ಮನ್ನಲ್ಲ ಎಂದು ತಿಳಿದು ಮರಳುತ್ತವೆ. ಒಬ್ಬಳು ಗದ್ದದಿಂದ ತಿರುಗುತ್ತಾಳೆ, ಇನ್ನೊಬ್ಬ ಕಣ್ಣಿನಲ್ಲಿ ಮಾತ್ರ, ಮತ್ತೊಬ್ಬ ಪಕ್ಕದವನ ಮೊಣಕಾಲು ದಾಟಿ ಬಾಗುತ್ತಾನೆ. ಅಷ್ಟೇ ಕುಣಿತ. ಅಷ್ಟಕ್ಕೇ ತಿಂಗಳುಗಟ್ಟಲೆ ಬೆವರು ಹರಿದಿತ್ತು.

"ಕೂತ್ಕೊಂಡು ಏನಮ್ಮ ಕುಣಿತ? ಅದಕ್ಕೆ ಕುಣಿತ ಅಲ್ಲ, ಕೂತ ಅಂತಾರೆ," ಎಂದಿದ್ದರು ಭಾವ.

ಆಮೇಲೆ ಹೋಲಿಕೆಗಳ ಮಳೆ ಸುರಿಯಿತು. ಮೊದಲು ಬಂದದ್ದು ಹಡಗಿನ ನಾಟಕ. ಅದರಲ್ಲಿ ನಾವಿಕರೂ ಪ್ರಯಾಣಿಕರೂ ಒಂದೇ ಸಾಲಿನಲ್ಲಿ ನಿಂತು, ಲಾಳ ಹೊಡೆದ ಬೂಟಿನಲ್ಲಿ ಹಲಗೆ ಕುಟ್ಟುತ್ತ, ಒಟ್ಟಿಗೆ ಕಾಲೆತ್ತುತ್ತಾರೆ. ಸರಿ, ಭಾವ ಆಸ್ಪತ್ರೆಗೂ ದಾದಿಯರ ಸಾಲು ತಂದರು. ಬಳಿಕ ಅರಮನೆಯ ನಾಟಕ. ಅಲ್ಲಿ ಕುಣಿಯುವುದು ಮನುಷ್ಯರಲ್ಲ, ಅವರ ಲಂಗಗಳು. ಜೋಡಿಜೋಡಿಯಾಗಿ ಸುತ್ತಿ ಸುತ್ತಿ ಮೆಟ್ಟಿಲಿಳಿದು ಬರುತ್ತಾರೆ. ಆಸ್ಪತ್ರೆಗೆ ಮೆಟ್ಟಿಲೇಕೆ ಎಂದು ಕೇಳಿದ್ದಕ್ಕೆ ಏಣಿ ಬಂತು. ಬಲ್ಬು ಬದಲಿಸುವವನೊಬ್ಬ ಏಣಿ ಹೊತ್ತು ತಂದು ಹತ್ತಿಳಿಯುತ್ತ ಹಾಡುವುದೆಂದಾಯಿತು. ಅಷ್ಟರಲ್ಲಿ ಕಾರ್ಖಾನೆಯ ನಾಟಕ ಬಂತು. ಮುಷ್ಕರದ ಕತೆ, ಯಂತ್ರ ಎಳೆದ ಹಾಗೆ ಕೈ, ಸುತ್ತಿಗೆ ಬಿದ್ದ ಹಾಗೆ ಪಾದ. ಆ ವಾರ ವಾರ್ಡ್ ಬಾಯ್‌ಗಳು ಬಕೆಟ್ಟು ಕುಟ್ಟಿದರು. ಕೊನೆಗೆ ಬರಿಯ ರಂಗದ ಮೇಲೆ ಒಬ್ಬಳೇ ಹುಡುಗಿ ನೆಲದಲ್ಲಿ ಹೊರಳುವ ನಾಟಕವೊಂದನ್ನು ನೋಡಿ ಬಂದು, ನಾಯಕಿಯನ್ನೂ ಹೊರಳಿಸಿದರು. ಅತ್ತೆ ಎರಡು ಸಲ ಅವಳ ಬಿಳಿ ಕೋಟು ಒಗೆದು ಮೂರನೆಯ ಸಲ ಕೋಲು ಹಿಡಿದು ನಿಂತ ಮೇಲೆ ಹೊರಳಾಟ ನಿಂತಿತು.

ಸೊಸೆಗೆ ಆ ನಾಟಕಗಳ ಮೇಲೆ ಮುನಿಸಿರಲಿಲ್ಲ. ಎಲ್ಲವನ್ನೂ ಅವಳೂ ನೋಡಿದ್ದಳು, ಕೆಲವಕ್ಕೆ ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದ್ದಳು. ಹಡಗಿನವರು ಸಾಲಾಗಿ ನಿಲ್ಲುವುದು ಹಡಗಿನಲ್ಲಿ ಜಾಗವಿಲ್ಲದ್ದಕ್ಕೆ. ಸಾಹುಕಾರನೂ ಸೌದೆ ಒಟ್ಟುವವನೂ ಭುಜಕ್ಕೆ ಭುಜ ತಾಗಿಸಬೇಕಾಗಿ ಬಂದದ್ದೇ ಅಲ್ಲಿನ ತಮಾಷೆ. ಅರಮನೆಯವರು ಸುತ್ತುವುದು ಯಾರೂ ಯಾರಿಗೂ ನೆಟ್ಟಗೆ ಮಾತಾಡದ ಮನೆಯಾದ್ದರಿಂದ. ಕಾರ್ಖಾನೆಯವರ ಮೈಯಲ್ಲಿ ಯಂತ್ರ ಹೊಕ್ಕಿದೆ, ಮುಷ್ಕರ ಹೂಡಿದರೂ ಅದು ಹೊರಗೆ ಹೋಗುವುದಿಲ್ಲ. ಭಾವ ಹೆಜ್ಜೆಯನ್ನು ತರುತ್ತಿದ್ದರು, ಆ ಹೆಜ್ಜೆ ಏಕೆ ಎನ್ನುವುದನ್ನು ಅಲ್ಲಿನ ಕುರ್ಚಿಯ ಮೇಲೇ ಮರೆತು ಬರುತ್ತಿದ್ದರು. ಇದನ್ನು ಅವರಿಗೆ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ಕೇಳಬೇಕು. ಹಾಗಾಗಿ ಅವಳು ಅಡುಗೆಮನೆಯಲ್ಲಿ ಭಾವನ ದನಿಯನ್ನು ಅಣಕಿಸಿ ಹೊಟ್ಟೆಯುರಿ ತಣಿಸಿಕೊಳ್ಳುತ್ತಿದ್ದಳು. ಮೂಗಿನಲ್ಲಿ ಒಂದಿಷ್ಟು ನೆಗಡಿ, ಕೊನೆಯಲ್ಲಿ ಒಂದು ಕೆಮ್ಮು. ಒಮ್ಮೆ ಒಳಗಿನಿಂದ ಅತ್ತೆ, "ಬಂದೆಯೇನೋ? ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ" ಎಂದಿದ್ದರು.

ಗಂಡನಿಗೆ ಹೇಳಿಕೊಂಡರೆ, ನೀನು ಹೇಳುವುದೂ ಸರಿ, ಅಣ್ಣ ಹೇಳುವುದೂ ಸರಿ ಎನ್ನುತ್ತಿದ್ದ. ಇಬ್ಬರೂ ಸರಿಯಾಗಲು ಹೇಗೆ ಸಾಧ್ಯ ಎಂದು ಕೇಳಿದರೆ, ನೀನು ಈಗ ಹೇಳಿದ್ದೂ ಸರಿ ಎನ್ನುತ್ತಿದ್ದ.

ಈ ನಡುವೆ ದೊಡ್ಡ ರಂಗಮಂದಿರದ ಒಡತಿ ನಾಟಕ ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಅವಳು ಒಪ್ಪಿದರೆ ಆ ವರ್ಷದ ನಾಟಕದ ಋತುವೆಲ್ಲ ಅಲ್ಲಿ ಆಟ. ಭಾವ ಸೊಸೆಯನ್ನು ಕರೆದು, ನಡುವಿನ ಹಾಡನ್ನು ಅಂದು ಕೂತೇ ಆಡಿಸು, ಆದರೆ ಅದರಲ್ಲಿ ಕಿಂಚಿತ್ತು ಎಡವಟ್ಟಾದರೂ ಅದು ನಾಟಕದಿಂದ ಹೊರಗೆ, ಆ ಜಾಗಕ್ಕೂ ದಾದಿಯರ ಸಾಲು ಒಳಗೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಅವಳ ಮೊದಲ ಕುಣಿತದ ಆಯುಷ್ಯ ಒಂದು ಮಧ್ಯಾಹ್ನದ ಮೇಲೆ ನಿಂತಿತು.

ಇಲ್ಲಿ ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ತಾಲೀಮಿನ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿ. ಕುಣಿಯುವವರು ಕನ್ನಡಿಗೆ ಮುಖ ಮಾಡಿ ಕುಣಿಯುತ್ತಾರೆ. ಬೇರೆ ಕಂಪನಿಗಳಲ್ಲಿ ನಿರ್ದೇಶಕರಾದವರು ಕನ್ನಡಿಗೆ ಬೆನ್ನು ಹಾಕಿ, ಪ್ರೇಕ್ಷಕರ ಹಾಗೆ ಕುಣಿಯುವವರ ಎದುರು ಕೂರುತ್ತಾರೆ. ಮಾವ ಮಾತ್ರ ಕುಣಿಯುವವರಿಗೆ ಬೆನ್ನು ತೋರಿಸಿ, ಕನ್ನಡಿ ನೋಡುತ್ತ ಕೂರುತ್ತಿದ್ದರಂತೆ. ಮುಖ ನೋಡಿದರೆ ಮರುಕ ಬರುತ್ತದೆ, ಕನ್ನಡಿ ನೋಡಿದರೆ ನಾಟಕ ಕಾಣುತ್ತದೆ ಎನ್ನುವುದು ಅವರ ವಾದ. ಭಾವ ಅಪ್ಪನ ಕುರ್ಚಿಯನ್ನೂ ಅದರ ದಿಕ್ಕನ್ನೂ ಹಾಗೇ ಉಳಿಸಿಕೊಂಡಿದ್ದರು. ಮಾವನ ಕಾಲದಲ್ಲಿ ರಂಗದ ಮೇಲೆ ಪರದೆಗಳಷ್ಟೇ ಇದ್ದವು. ಎರಡೂ ಪಕ್ಕದ ಮರೆಯಿಂದ, ಅಂದರೆ ವಿಂಗಿನಿಂದ, ಯಾರು ಬೇಕಾದರೂ ಬರಬಹುದಿತ್ತು. ಹಾಗಾಗಿ ಕನ್ನಡಿ ಯಾವತ್ತೂ ಯಾರಿಗೂ ಮೋಸ ಮಾಡಿರಲಿಲ್ಲ.

ಈ ನಾಟಕಕ್ಕೆ ಭಾವ ನಿಜವಾದ ಬಾಗಿಲು ಮಾಡಿಸಿದ್ದರು. ಗಾಜು ಕೂಡಿಸಿದ, ಹಿತ್ತಾಳೆ ಹಿಡಿಯ, ಆನೆಯಂಥ ಬಾಗಿಲು.

ಒಡತಿ ಬರುವ ದಿನ ಬೆಳಿಗ್ಗೆ ಎಲ್ಲರೂ ರಂಗಕ್ಕೆ ಹೋಗಿ ನೋಡಿದರೆ ಆ ಬಾಗಿಲು ಕುಣಿಯುವವರ ಎಡಗಡೆಗಿತ್ತು. ತಿಂಗಳುಗಟ್ಟಲೆ ಅವರೆಲ್ಲ ಬಲಗಡೆಯಿಂದ ಬಂದವರು, ಬಲಗಡೆಗೇ ಕತ್ತು ತಿರುಗಿಸಿದವರು.

ಬಡಗಿಯನ್ನು ಕರೆಸಿದರು. ಅವನು ಭಾವನನ್ನೇ ನೋಡಿ, "ನೋಡೋರಿಗೆ ಬಲಗಡೆ ಅಂದಿದ್ದು ತಾವೇ ಅಲ್ವಾ ಸ್ವಾಮಿ? ನೋಡೋರಿಗೆ ಬಲಗಡೆನೇ ಇದೆ. ಬೇಕಿದ್ರೆ ಕೆಳಗೆ ಬಂದು ಕೂತು ನೋಡಿ" ಎಂದ. ಭಾವ ಕನ್ನಡಿಯಲ್ಲಿ ಕಂಡ ಬಲಗಡೆಯನ್ನೇ ಪ್ರೇಕ್ಷಕರ ಬಲಗಡೆ ಎಂದುಕೊಂಡಿದ್ದರು. ಕನ್ನಡಿಯಲ್ಲಿ ಬಲಕ್ಕೆ ಕಂಡವರು ಎದುರು ಕೂತವರಿಗೆ ಎಡಕ್ಕೆ ಕಾಣುತ್ತಾರೆ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸೊಸೆಗೂ ಹೊಳೆದಿರಲಿಲ್ಲ, ಹಾಗಾಗಿ ಅವಳ ಸಿಟ್ಟಿಗೆ ಪೂರ್ತಿ ಕಾಲೂರಲು ಜಾಗ ಸಿಗಲಿಲ್ಲ. ಗೋಡೆಯ ಸಮೇತ ಬಾಗಿಲು ಕಿತ್ತು ಆ ಕಡೆ ನೆಡಲು ಎರಡು ದಿನ ಬೇಕೆಂದ ಬಡಗಿ.

"ಈ ಕಡೆಯಿಂದಲೇ ಬಂದರಾಯ್ತು. ಕಾಲು ಇರೋದು ಎರಡು, ಎಡವೂ ಇದೆ ಬಲವೂ ಇದೆ," ಎಂದರು ಭಾವ.

ತಾಲೀಮು ಶುರುವಾಯಿತು, ಮೊದಲ ಹಾಡಿಗೆ ದಾದಿಯರ ಸಾಲು ಬಂತು. ಮುಂದಿದ್ದವಳು ಮೈಗೆ ಗೊತ್ತಿದ್ದ ಹಾಗೆ ತಿರುಗಿದಳು, ಎದುರಿಗೆ ಗೋಡೆ. ಹಿಂದಿನವರು ಅವಳ ಮೇಲೆ, ಅವರ ಮೇಲೆ ಅವರ ಹಿಂದಿನವರು. ಬಕೆಟ್ಟಿನವರು ಗುಂಪನ್ನು ತಪ್ಪಿಸಲು ಹೋಗಿ ಏಣಿಗೆ ಡಿಕ್ಕಿ ಹೊಡೆದರು. ಏಣಿಯ ಮೇಲಿದ್ದ, ಕೊಕ್ಕರೆ ಎಂದು ಅಡ್ಡಹೆಸರಿದ್ದ ಉದ್ದನೆಯವನು ಒಂದೇ ಕಾಲಿನಲ್ಲಿ ನಿಂತು ತನ್ನ ಹೆಸರು ಉಳಿಸಿಕೊಂಡ. ಕೂತವರ ಸರದಿ ಬಂದಾಗ ಎಡಗಡೆ ಬಾಗಿಲು ಕಿರ್‍ರೆಂದು ತೆರೆಯಿತು, ಅವರೆಲ್ಲ ಅಷ್ಟು ಆಸೆಯಿಂದ ಬಲಗಡೆ ವಿಂಗಿನ ಕತ್ತಲನ್ನು ನೋಡಿದರು. ದೀಪದವರು ಬಿದ್ದು ಬಿದ್ದು ನಕ್ಕರು.

ಎಲ್ಲರೂ ಎಡಕ್ಕೆ ತಿರುಗಿ ಎಂದಳು ಸೊಸೆ. ಅರ್ಧ ಜನ ತಿರುಗಿದರು, ಅರ್ಧ ಜನ ನೆನಪಾದ ಮೇಲೆ ತಿರುಗಿದರು. ಹೊಲಿದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ತೊಟ್ಟ ಹಾಗೆ ದಾರಗಳೆಲ್ಲ ಕಾಣತೊಡಗಿದವು.

ಭಾವ ಕೈ ಕೊಡವಿದರು. "ಮುಗೀತಲ್ಲಮ್ಮ. ಕೂತೋರನ್ನ ತೆಗೆದುಬಿಡು. ಸಾಲನ್ನ ಇನ್ನೊಂದು ಸಲ ತಿದ್ದೋಣ, ಹಡಗಿನಲ್ಲಿದ್ದ ಹಾಗೆ..."

"ಅಣ್ಣ ಹೇಳೋದ್ರಲ್ಲೂ ಒಂದು..." ಎಂದು ಗಂಡ ಶುರು ಮಾಡಿದ.

"ರೀ, ನೀವು ಕೀಬೋರ್ಡ್ ಮುಂದೆ ಕೂತ್ಕೊಳ್ಳಿ. ಅದಕ್ಕಾದ್ರೆ ಕಪ್ಪು ಬೇರೆ, ಬಿಳಿ ಬೇರೆ ಅಂತ ಗೊತ್ತು," ಎಂದಳು ಸೊಸೆ. ಅವಳ ದನಿ ಏರಲಿಲ್ಲ. ಏರಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ ಎಂದು ಆಮೇಲೆ ಕೊಕ್ಕರೆ ಹೇಳಿದ. ಸೊಸೆ ಭಾವನತ್ತ ತಿರುಗಿದಳು. "ಭಾವ, ನಿಮ್ಮ ಸಾಲು ಎಲ್ಲಿಂದ ಬರುತ್ತೆ?"

"ಬಾಗಿಲಿಂದ."

"ಏಣಿ?"

"ಬಾಗಿಲಿಂದಲೇ."

"ಬಕೆಟ್ಟು?"

ಭಾವ ಕೆಮ್ಮಿದರು.

"ಬಾಗಿಲಿಂದ ಬಂದೋರೆಲ್ಲ ಬಿದ್ದಿದ್ದಾರೆ. ಕೂತೋರು ಮಾತ್ರ ಬಿದ್ದಿಲ್ಲ. ಅವರು ಮೊದಲಿನ ಹಾಗೇ ಬಲಕ್ಕೆ ತಿರುಗ್ಲಿ, ಈ ಬಾಗಿಲು ಮುಚ್ಚಿಬಿಡಿ."

"ಬಾಗಿಲಿಲ್ಲದೆ ಏನು ನೋಡ್ತಾರಮ್ಮ ಅವರು?"

"ಬಾಗಿಲಿದೆ, ವಿಂಗಿನೊಳಗಿದೆ. ಜನಕ್ಕೆ ಕಾಣಲ್ಲ ಅಷ್ಟೆ. ಜನ ನೋಡಬೇಕಾದ್ದು ಬಾಗಿಲನ್ನಲ್ಲ ಭಾವ, ಬಾಗಿಲು ನೋಡೋರನ್ನ."

"ಹಾಗೆ ಎಲ್ಲೂ ಮಾಡಿದ್ದನ್ನ ನಾನು ನೋಡಿಲ್ಲ," ಎಂದರು ಭಾವ. ಅದು ಅವರ ಕಟ್ಟಕಡೆಯ ಅಸ್ತ್ರ. ನಿಜಕ್ಕೂ ದಿಗಿಲಾಗಿತ್ತು ಅವರಿಗೆ. ಕಾಣದ ದಾರಿಯಲ್ಲಿ ಕಾಲಿಡು ಎಂದರೆ ಯಾರಿಗಾದರೂ ಆಗುವ ದಿಗಿಲು. ಸೊಸೆ ಜಗ್ಗಲಿಲ್ಲ. ಬೇಕಾದರೆ ಸಾಲನ್ನು ನೀವೇ ಎಬ್ಬಿಸಿ ನಡೆಸಿಕೊಳ್ಳಿ, ಕೂತವರನ್ನು ತೆಗೆದರೆ ನಾನೂ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ಏಳುವುದಿಲ್ಲ ಎಂದುಬಿಟ್ಟಳು. ಅಷ್ಟರಲ್ಲಿ ಅತ್ತೆ ಉಡುಪಿನ ಕೋಣೆಯಿಂದ ಬೂದು ಬಣ್ಣದ ಪರದೆ ಹೊತ್ತು ತಂದು, ಹಿತ್ತಾಳೆ ಹಿಡಿಯ ಬಾಗಿಲಿನ ಮೇಲೆ ಇಳಿಬಿಟ್ಟರು. "ನಿಮ್ಮಪ್ಪ ಜನ್ಮವೆಲ್ಲ ಬಾಗಿಲಿಲ್ಲದೆ ನಾಟಕ ಆಡಿದ್ರು, ಯಾರೂ ಒಳಗೆ ಬರೋಕೆ ಕಷ್ಟಪಡಲಿಲ್ಲ," ಎಂದು ಹಿರಿಮಗನಿಗೆ ಹೇಳಿ ಒಳಹೋದರು.

ಮಧ್ಯಾಹ್ನ ಒಡತಿ ಬಂದು ಮುಂದಿನ ಸಾಲು ಬಿಟ್ಟು ನಡುವಿನಲ್ಲಿ ಕೂತಳು. ದಾದಿಯರು ವಿಂಗಿನಿಂದ ಹೇಗೋ ಬಂದು ಹೇಗೋ ಹೋದರು. ಏಣಿ ಬರಲಿಲ್ಲ, ಕೊಕ್ಕರೆ ಕೂತವರ ಸಾಲಿನಲ್ಲಷ್ಟೇ ಇದ್ದ. ನಡುವಿನ ಹಾಡಿನಲ್ಲಿ ಕಾಣದ ಬಾಗಿಲು ತೆರೆದ ಸದ್ದಾಯಿತು, ಕತ್ತುಗಳು ತಿರುಗಿದವು, ಕಾದವು, ಮರಳಿದವು. ಎರಡನೆಯ ಸಲ ಸದ್ದಾದಾಗ ಒಡತಿಯ ಕತ್ತೂ ಆ ಕಡೆಗೆ ತಿರುಗಿತು. ವಿಂಗಿನ ಸಂದಿಯಿಂದ ಸೊಸೆ ಅದನ್ನು ಕಂಡಳು.

ಆಟ ಮುಗಿದ ಮೇಲೆ ಒಡತಿ ಹೆಚ್ಚು ಮಾತಾಡಲಿಲ್ಲ. ಕಾಲೆತ್ತುವವರನ್ನು ಎಲ್ಲೆಲ್ಲೋ ನೋಡಿದ್ದೇನೆ, ಇವರಿಗಿಂತ ಎತ್ತರಕ್ಕೆ ಎತ್ತುವವರನ್ನೂ ನೋಡಿದ್ದೇನೆ ಎಂದಳು. ಭಾವನ ಮುಖ ಇಳಿಯಿತು. "ಋತುವೆಲ್ಲ ರಂಗಮಂದಿರ ನಿಮ್ಮದೇ. ಆದರೆ ಆ ಕೂತವರನ್ನ ಯಾರೂ ಏಳಿಸಬೇಡಿ," ಎಂದು ಹೇಳಿ ಹೊರಟಳು.

ಎಲ್ಲರೂ ಚಹಾಕ್ಕೆ ಹೋದಾಗ ಸೊಸೆ ಕುರ್ಚಿಗಳನ್ನು ನೆಟ್ಟಗೆ ಮಾಡುತ್ತಿದ್ದಳು. ಭಾವ ಮೆಲ್ಲಗೆ ಬಂದು ನಿಂತರು. ಅವರಿಗೆ ಇನ್ನೂ ಒಂದು ಮುಳ್ಳು ಚುಚ್ಚುತ್ತಿತ್ತು.

"ನಿಜ ಹೇಳಮ್ಮ. ಆ ಕತ್ತು ತಿರುಗಿಸೋದು. ಎಲ್ಲಿ ನೋಡಿದ್ದೆ?"

ಅವಳಿಗೆ ಕೈಯಲ್ಲಿದ್ದ ಕುರ್ಚಿ ಎತ್ತಿ ಎಸೆಯಬೇಕೆನ್ನಿಸಿತು. ಇಷ್ಟಾದ ಮೇಲೂ ಈ ಮನುಷ್ಯನಿಗೆ ಎಲ್ಲಿಂದ ತಂದೆ ಎಂಬುದೇ ಚಿಂತೆ. ನಾನೇ ಮಾಡಿದೆ ಎನ್ನಲು ಬಾಯಿ ತೆರೆದಳು. ಆದರೆ ಅದು ಸುಳ್ಳಾಗುತ್ತಿತ್ತು.

"ಆಸ್ಪತ್ರೇಲಿ," ಎಂದಳು. "ಮಾವನ್ನ ಒಳಗೆ ಕರ್ಕೊಂಡು ಹೋದ ದಿನ. ನಾವೆಲ್ಲ ಸಾಲಾಗಿ ಕೂತಿದ್ವಲ್ಲ. ನೀವು ನನ್ನ ಮುಂದಿನ ಸಾಲಲ್ಲಿದ್ರಿ ಭಾವ. ಬಾಗಿಲು ಸದ್ದಾದಾಗೆಲ್ಲ ತಿರುಗ್ತಿದ್ರಿ."

ಭಾವ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತರು. ಎದುರಿಗೆ ಖಾಲಿ ಸಭಾಂಗಣ, ಕನ್ನಡಿಯಿಲ್ಲ.

"ಕೊಕ್ಕರೆ ತಪ್ಪು ಮಾಡ್ತಿದ್ದಾನೆ," ಎಂದರು ಕೊನೆಗೆ. "ಅಷ್ಟು ಬೇಗ ತಿರುಗಲ್ಲ. ಸದ್ದು ಕೇಳಿದ ಕೂಡಲೇ ತಿರುಗೋಕೆ ಆಗಲ್ಲ. ಒಂದು ಚೂರು ಹೊತ್ತು... ಹೆದರಿಕೆ ಇರುತ್ತೆ."

ಮೂಗಿನಲ್ಲಿ ನೆಗಡಿ ಸ್ವಲ್ಪ ಹೆಚ್ಚಾಗಿತ್ತು. ಆ ದನಿಯನ್ನು ಅಣಕಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಹಾಗಾದ್ರೆ ಅವನಿಗೆ ನೀವೇ ತೋರಿಸಿಕೊಡಿ," ಎಂದು ಹೇಳಿ, ಚಹಾ ಕುಡಿಯುತ್ತಿದ್ದ ಕೊಕ್ಕರೆಯನ್ನು ಒಳಗೆ ಕೂಗಿ ಕರೆದಳು.