ಎರಡನೇ ಸೈಲೋದ ಬಿಸಿ

“ನಾಯಿಗಿ ರೊಟ್ಟಿ ಬುಟ್ಟಿ ಕಾಯಾಕ ಹಚ್ಚಿದಂಗ ಆತಲೇ ಪರಶ್ಯಾ, ನಿನ್ನ ಈ ಬಾಗಲದಾಗ ನಿಲ್ಲಿಸಿದ್ದು. ಯಾರ ಮನಿ ಹೋಳಗಿ ಉಂಡು ಈ ಹಸಿ ಗೋವಿನಜೋಳ ಒಳಗ ಬಿಟ್ಟಿ, ಹೇಳು.”

ಸಾವ್ಕಾರ ಸಿದ್ದಲಿಂಗೇಶ ಈ ಮಾತು ಆಡಿದ್ದು ಕೋಣೆಯೊಳಗೆ ಕರೆದಲ್ಲ. ಗೋದಾಮಿನ ಅಂಗಳದಲ್ಲಿ ಹನ್ನೊಂದು ಟ್ರ್ಯಾಕ್ಟರು ಸಾಲುಗಟ್ಟಿ ನಿಂತಿದ್ದವು. ರೈತರು ಟ್ರೇಲರಿನ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಹಮಾಲರು ಸಲಿಕೆ ಊರಿಕೊಂಡು ನಿಂತಿದ್ದರು. ಅವರಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಯಾರೆಂದು ಪರಶುರಾಮ ತಿರುಗಿ ನೋಡಲಿಲ್ಲ. ನೋಡಿದ್ದರೆ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು.

“ನಾ ಯಾರ್ದೂ ಉಂಡಿಲ್ರಿ,” ಅಂದ.

“ಹಂಗಾರ ಎರಡನೇ ಸೈಲೋ ತಾನ ಕಾದೈತೇನು? ಎಂಟನೇ ಕ್ಲಾಸಿಗಿ ಸಾಲಿ ಬಿಟ್ಟಾಂವನ ಕೈಯಾಗ ಮಷಿನ್ ಕೊಟ್ಟೆ, ಅದು ನನ್ನ ತಪ್ಪು. ನಾಳೆ ಮುಂಜಾನೆ ಮಾಲು ಕೊಳ್ಳೂ ಕಂಪನಿ ಸಾಹೇಬ ಬರ್ತಾನ. ಅಷ್ಟರಾಗ ಇದನ್ನ ಯಾರು ಮಾಡ್ಯಾರ ಹೇಳು. ಇಲ್ಲಾ, ನೀನ ಮಾಡೀದಿ ಅಂತ ಹೇಳಿ ಹೊರಗ ಹಾಕ್ತೀನಿ.”

ಸೈಲೋ ಬಿಸಿಯಾಗಿದೆ ಎಂದು ಬೆಳಿಗ್ಗೆ ಹೋಗಿ ಹೇಳಿದವನೇ ಪರಶುರಾಮ. ದಿನಾ ಬೆಳಿಗ್ಗೆ ಅವನು ತಗಡಿನ ಕಣಜದಂಥ ಮೂರೂ ಸೈಲೋಗಳ ಕಾಳಿನೊಳಗೆ ಉದ್ದನೆಯ ಕಬ್ಬಿಣದ ಸರಳು ಚುಚ್ಚಿ ಒಂದು ತಾಸು ಬಿಡುತ್ತಿದ್ದ. ಆಮೇಲೆ ಎಳೆದು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ಇವತ್ತು ಎರಡನೆಯದರ ಸರಳು ಒಲೆಯಿಂದ ಎಳೆದ ಕೊಳ್ಳಿಯ ಹಾಗೆ ಸುಡುತ್ತಿತ್ತು, ತುದಿಗೆ ಹುಳಿ ವಾಸನೆ ಬೇರೆ. ಹಸಿ ಕಾಳು ಸೇರಿದರೆ ಮಾತ್ರ ಒಳಗೆ ಹೀಗೆ ಕಾಯುತ್ತದೆ. ತಪ್ಪು ಮಾಡಿದವನು ತಾನೇ ಹೋಗಿ ಹೇಳುತ್ತಾನೆಯೇ? ಅಷ್ಟು ಬುದ್ಧಿ ಸಾವ್ಕಾರನಿಗೆ ಇರಲಿಲ್ಲವೇ, ಅಥವಾ ಬೇಕಾಗಿರಲಿಲ್ಲವೇ?

ಲಕ್ಷ್ಮೇಶ್ವರದ ಹೊರಗೆ ಗದಗ ರಸ್ತೆಗೆ ಇದ್ದ ಈ ಗೋದಾಮಿನಲ್ಲಿ ಬಂದ ಕಾಳನ್ನು ಇಳಿಸಿಕೊಳ್ಳುವವನು ಪರಶುರಾಮ. ಆರು ವರ್ಷದಿಂದ ಅದೇ ಕೆಲಸ. ಟ್ರೇಲರು ಏರಿ ಐದು ಕಡೆ ಕೊಳವೆ ಚುಚ್ಚಿ ಕಾಳು ತೆಗೆಯಬೇಕು. ಕಸ, ಹುಳ, ಬೂಷ್ಟು ನೋಡಬೇಕು. ತೇವ ನೂರಕ್ಕೆ ಹದಿನಾಲ್ಕು ದಾಟಿದರೆ ಗಾಡಿಯನ್ನು ತಿರುಗಿಸಿ ಕಳಿಸಬೇಕು, ರೈತ ಬೈದರೂ ಕಾಲು ಹಿಡಿದರೂ. ಪಾಸಾದ ಮಾಲನ್ನು ಗುಂಡಿಗೆ ಸುರಿಸಿ, ಬಕೆಟ್ಟುಗಳ ಪಟ್ಟಿ ಅದನ್ನು ಮೇಲಕ್ಕೆ ಸೈಲೋಗೆ ಒಯ್ಯುವ ಸಪ್ಪಳಕ್ಕೆ ಕಿವಿ ಕೊಟ್ಟು ನಿಲ್ಲಬೇಕು. ಸಪ್ಪಳ ಬದಲಾದರೆ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಮೊದಲು ತೇವವನ್ನು ಅವನು ಹಲ್ಲಿನಿಂದ ನೋಡುತ್ತಿದ್ದ. ದಸರೆಗೆ ತೇವ ಅಳೆಯುವ ಹೊಸ ಮಷಿನ್ ಬಂದ ಮೇಲೆ ಸಾವ್ಕಾರ, “ದನದಂಗ ಕಾಳು ಕಡಿಯೂದು ಬಿಡು, ಮಂದಿ ನಗ್ತಾರ. ಮಷಿನ್ ಅಂದದ್ದ ಖರೆ. ಗಾಡಿ ನಿಲ್ಲಬಾರ್ದು,” ಎಂದು ಕಟ್ಟು ಮಾಡಿದ್ದ.

ಹಾಗಾದರೆ ಹಸಿ ಮಾಲು ಹೊಕ್ಕದ್ದು ಎಲ್ಲಿಂದ? ಹೊತ್ತು ಏರಿದಂತೆ ಪರಶುರಾಮನ ಕಣ್ಣಿಗೆ ಎಲ್ಲರೂ ಕಳ್ಳರಾಗಿ ಕಾಣತೊಡಗಿದರು. ಗುಂಡಿಯ ಬಾಗಿಲು ತೆಗೆಯುವ ಹಮಾಲ ಗಾಳೆಪ್ಪ ಇವತ್ತು ಯಾಕೆ ಇಷ್ಟು ಸುಮ್ಮನಿದ್ದಾನೆ? ಯಳವತ್ತಿಯ ರೈತ ಅಂದಾನಪ್ಪ ಈ ವಾರ ಒಂಬತ್ತು ಟ್ರೇಲರು ತಂದ. ಕೆಳಗೆ ಹಸಿ ಹಾಕಿ ಮೇಲೆ ಒಣಗಿದ್ದು ಹರವಿ ತಂದನೇ?

ಪ್ರತಿ ಗಾಡಿಯ ಅರ್ಧ ಸೇರು ಕಾಳನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಹಾಕಿ, ಒಳಗೆ ಚೀಟಿ ಇಟ್ಟು, ತಿಂಗಳತನಕ ಕಪಾಟಿನಲ್ಲಿ ಇಡುವುದು ಇಲ್ಲಿನ ರೂಢಿ. ಕೀಲಿ ಇರುವುದು ಗೋದಾಮಿನ ಲೆಕ್ಕದ ಪುಸ್ತಕ ಬರೆಯುವ ವನಿತಾಳ ಬಳಿ. ಪರಶುರಾಮ ಕೀಲಿ ಇಸಿದುಕೊಂಡು ಡಬ್ಬಿಗಳನ್ನು ಒಂದೊಂದಾಗಿ ಮಷಿನ್ನಿಗೆ ಸುರಿದ. ಚೀಟಿಯಲ್ಲಿ ಹದಿಮೂರು ಪಾಯಿಂಟ್ ಎರಡು, ಮಷಿನ್ನಿನಲ್ಲಿ ಹದಿನಾರು. ಇನ್ನೊಂದು, ಚೀಟಿಯಲ್ಲಿ ಹದಿಮೂರೂವರೆ, ಮಷಿನ್ನಿನಲ್ಲಿ ಹದಿನಾರರ ಮೇಲೆ. ಮುಚ್ಚಿದ ಡಬ್ಬಿಯೊಳಗೆ ಮಳೆ ಬಂತೇ? ಯಾರೋ ಕಾಳು ಬದಲಿಸಿದ್ದಾರೆ. ಅವನ ತಲೆ ಕಾದ ಹಂಚಾಯಿತು.

ಹಮಾಲರು ಬುತ್ತಿ ಬಿಚ್ಚಿ ಕುಳಿತಿದ್ದರು. ನಡುವೆ ವನಿತಾ ರೊಟ್ಟಿ ಮುರಿಯುತ್ತಿದ್ದಳು.

“ಕೀಲಿ ನಿನ್ನ ಹಂತ್ಯಾಕ ಇರ್ತೈತಿ, ವನಿತಕ್ಕ. ಕಾಳು ಬದಲಾಗ್ಯಾವು. ನಿನ್ನ ತವರಮನಿ ಯಳವತ್ತಿ ಅಲ್ಲೇನು?”

ಎಲ್ಲರ ಕೈ ನಿಂತಿತು. ಗಾಳೆಪ್ಪ, “ಲೇ ಪರಶ್ಯಾ, ಬಾಯಿಗಿ ಹಗ್ಗ ಹಾಕೋ,” ಅಂದ.

ವನಿತಾ ಬುತ್ತಿಯ ಡಬ್ಬಿ ಮುಚ್ಚಿದಳು. “ಮುಂಜಾನೆ ಸಾವ್ಕಾರ ನಿನಗ ಅಂದದ್ದು ಕೇಳಿ ನನ್ನ ಹೊಟ್ಟಿ ಉರದಿತ್ತು. ಈಗ ಆರ್ತು ನೋಡು. ಆ ಪುಸ್ತಕದಾಗ ಬರೇ ತೇವ ಬರದಿಲ್ಲ ನಾನು, ಗಾಡಿ ಬಂದ ಹೊತ್ತೂ ಬರದೇನಿ. ಓದಾಕ ಬರ್ತೈತಲ್ಲ ನಿನಗ? ಹೋಗಿ ಓದು.”

ಆ ಮಾತು ನಾಟಿತು. ಆದರೂ ಹೋಗಿ ಓದಿದ. ಬೆರಳಿಟ್ಟು ಒಂದೊಂದು ಸಾಲನ್ನು ಡಬ್ಬಿಯ ಜೊತೆ ತಾಳೆ ನೋಡಿದ. ಬೆಳಗಿನ ಗಾಡಿಗಳ ಕಾಳು ಬರೆದಷ್ಟೇ ಇತ್ತು, ಒಂದು ಕೂದಲೆಳೆ ಹೆಚ್ಚಿಲ್ಲ. ತೇವ ಹೆಚ್ಚು ತೋರಿಸಿದವೆಲ್ಲ ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಬಂದ ಗಾಡಿಗಳವು. ಡಬ್ಬಿ ಬದಲಿಸುವವಳು ಹೊತ್ತು ನೋಡಿ ಬದಲಿಸುತ್ತಾಳೆಯೇ? ಅವನಿಗೆ ವನಿತಾಳ ಮೇಲಿನ ಸಂಶಯ ಸಡಿಲಾಯಿತು, ಅಂದಾನಪ್ಪನ ಮೇಲಿನದು ಬಿಗಿಯಾಯಿತು. ಅವನು ಬರುವುದು ಯಾವಾಗಲೂ ಒಂದು ಗಂಟೆಗೆ.

ಬಂದ. ಪರಶುರಾಮ ಟ್ರೇಲರು ಏರಿ, ಕೊಳವೆ ಬಿಟ್ಟು, ತೋಳನ್ನೇ ಬುಡದವರೆಗೆ ಕಾಳಿನೊಳಗೆ ತೂರಿಸಿದ.

“ಏನ ತಮ್ಮಾ,” ಅಂದ ಅಂದಾನಪ್ಪ, “ಕೂಸು ಕಳಕೊಂಡವರಂಗ ಹುಡಕಾಕತ್ತಿ.”

ಆಳದ ಕಾಳು, ಮೇಲಿನ ಕಾಳು ಎರಡೂ ಒಂದೇ. ಮೋಸ ಏನೂ ಇರಲಿಲ್ಲ. ಆದರೆ ತೋಳು ಸುಡುತ್ತಿತ್ತು.

“ಇಷ್ಟ್ಯಾಕ ಬಿಸಿ ಐತ್ರಿ ಕಾಕಾ?”

“ಡಾಂಬರ ರಸ್ತೆ ಮ್ಯಾಲೆ ಹರವಿದ್ದೆ. ಬಳದು ಸೀದಾ ಹೇರಿಕೊಂಡು ಬಂದೇನಿ.”

ಮಷಿನ್ ಹದಿಮೂರು ಪಾಯಿಂಟ್ ಮೂರು ತೋರಿಸಿತು. ಪರಶುರಾಮ ಅತ್ತಿತ್ತ ನೋಡಲಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದ. ಮೇಲಿನ ಸಿಪ್ಪೆ ಕಟಕ್ಕೆಂದಿತು. ಅದರೊಳಗೆ ಹಲ್ಲು ಸುಮ್ಮನೆ ಇಳಿಯಿತು, ಅರ್ಧ ಬೆಂದ ಕಾಳಿಗೆ ಇಳಿದಂತೆ. ಅವನು ಉಗುಳಿದ. ಉಳಿದ ಕಾಳನ್ನು ಡಬ್ಬಿಯಲ್ಲಿ ಹಾಕಿ ಬಿಗಿದು ನೀರಿನ ಹರವಿಯ ಪಕ್ಕದ ನೆರಳಲ್ಲಿ ಇಟ್ಟ. “ಒಂದ್ ತಾಸು ನಿಲ್ರಿ,” ಅಂದ.

ತಾಸಿನ ಮೇಲೆ ಮುಚ್ಚಳ ತೆಗೆದರೆ ಅದರ ಒಳಮೈಗೆ ಬೆವರಿನಂತೆ ಹನಿ ಕೂತಿದ್ದವು. ಆರಿದ ಕಾಳನ್ನು ಮಷಿನ್ನಿಗೆ ಸುರಿದ. ಹದಿನೈದು ಪಾಯಿಂಟ್ ಎಂಟು.

ಬಿಸಿಲಿಗೂ ಡಾಂಬರಿಗೂ ಕಾಳಿನ ಮೈ ಮಾತ್ರ ಒಣಗುತ್ತದೆ, ಒಡಲು ಹಸಿಯೇ ಉಳಿದಿರುತ್ತದೆ. ಮಷಿನ್ ಮೈ ನೋಡಿ ಪಾಸು ಅನ್ನುತ್ತದೆ. ಸೈಲೋದೊಳಗೆ ಹೋದ ಮೇಲೆ ಒಡಲಿನ ನೀರು ಹೊರಗೆ ಬರುತ್ತದೆ. ಯಾರೂ ಬದಲಿಸಿರಲಿಲ್ಲ, ಯಾರೂ ಉಂಡಿರಲಿಲ್ಲ.

“ಇನ್ನ ಎರಡ ದಿನಾ ಒಣಗಿಸಿ, ಮುಂಜಾನೆ ತಣ್ಣಗಿದ್ದಾಗ ತರ್ರಿ ಕಾಕಾ.”

ಅಂದಾನಪ್ಪ ಮುಖ ಗಂಟು ಹಾಕಿದ. “ಮಧ್ಯಾಹ್ನ ತಾ ಅಂದಾಂವ ನಿಮ್ಮ ಸಾವ್ಕಾರನ. ‘ಬಿಸಲಾಗಿಂದ ಎತ್ತಿಕೊಂಡು ಬರ್ರಿ, ಜಲ್ದಿ ಪಾಸ್ ಆಗ್ತೈತಿ’ ಅಂತ ಇಡೀ ಊರಿಗಿ ಹೇಳ್ಯಾನ. ಅವಂಗ ಗೋದಾಮ ತುಂಬಸೂದು ಇತ್ತು. ಈಗ ನೀ ತಿರುಗಿ ಕಳಸ್ತಿ.”

ಪರಶುರಾಮ ಡಬ್ಬಿಯ ಮುಚ್ಚಳ ಮತ್ತೆ ಬಿಗಿದ. ಆಮೇಲೆ ಹಮಾಲರು ಕಾಳು ಇಳಿಸುತ್ತಿದ್ದ ಕಡೆ ಹೋಗಿ, ಪುಸ್ತಕ ಬರೆಯುತ್ತಿದ್ದ ವನಿತಾಳ ಮುಂದೆ ನಿಂತ.

“ವನಿತಕ್ಕ, ಕಾಳು ಯಾರೂ ಬದಲಿ ಮಾಡಿಲ್ಲ. ನಾ ಅಂದದ್ದು ತಪ್ಪು. ಇವರೆಲ್ಲಾರ ಮುಂದ ಅಂದಿದ್ದೆ, ಇವರ ಮುಂದನ ಹೇಳಾಕತ್ತೇನಿ.”

ಅವಳು ತಲೆ ಎತ್ತಲಿಲ್ಲ. “ಗಾಡಿ ನಂಬರ ಹೇಳು. ವಾಪಸ್ ಅಂತ ಬರೀತೀನಿ,” ಅಂದಳು.

ಪರಶುರಾಮ ಡಬ್ಬಿ ಒಯ್ದು ಸಾವ್ಕಾರನ ಕೋಣೆಯ ಮೇಜಿನ ಮೇಲೆ ಇಟ್ಟ. ಸಾವ್ಕಾರ ಡಬ್ಬಿ ನೋಡಿದ, ಮುಚ್ಚಳದ ಹನಿ ನೋಡಿದ, ಎದ್ದು ಹೋಗಿ ಕೋಣೆಯ ಅಗಳಿ ಹಾಕಿದ. ಅವನ ಮುಖದಲ್ಲಿ ಆಶ್ಚರ್ಯ ಬರಬೇಕಿತ್ತು. ಬರಲಿಲ್ಲ. ಪರಶುರಾಮ ಅದನ್ನೇ ಕಾಯುತ್ತಿದ್ದ.

“ಗೊತ್ತಿತ್ತೇನ್ರಿ ನಿಮಗ?”

“ಕುಂಡ್ರು. ಚಾ ತರಸ್ತೀನಿ.”

“ಗೊತ್ತಿತ್ತೇನ್ರಿ?”

“ಬಿಸಿ ಕಾಳಿಗಿ ಸ್ವಲ್ಪ ಹೆಚ್ಚುಕಮ್ಮಿ ಆಗ್ತೈತಿ ಅಂತ ಮಷಿನ್ ಕೊಟ್ಟಾಂವ ಅಂದಿದ್ದ. ಇಷ್ಟೊಂದು ಆಗ್ತೈತಿ ಅಂದಿದ್ದಿಲ್ಲ.” ಸಾವ್ಕಾರ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. “ನೀ ನಮ್ಮ ಮನಿ ಹುಡುಗ ಇದ್ದಂಗ. ಮುಂಜಾನೆ ಸಿಟ್ಟಿನ್ಯಾಗ ಏನರ ಅಂದಿರ್ತೀನಿ.”

“ಅದನ್ನ ಹೊರಗ ಬಂದು ಹೇಳ್ರಿ. ಗಾಡಿ ಇನ್ನೂ ನಿಂತಾವು.”

“ಹುಚ್ಚ ಅದೀಯೇನು? ಸಾವ್ಕಾರ ಆದಾಂವ ರೈತರ ಮುಂದ ‘ನಂದ ತಪ್ಪು’ ಅಂದ್ರ, ನಾಳೆ ಯಾರು ಮಾಲು ತರ್ತಾರ? ಕಂಪನಿಯವರು ಗೋದಾಮ ಬಿಟ್ಟು ಹೋಗ್ತಾರ. ಕೇಳಿಲ್ಲೆ. ಸಾಹೇಬ ಬಂದಾಗ, ‘ಹಸಿ ಮಾಲು ನಾನ ನೋಡಲಾರದ ಬಿಟ್ಟೆ’ ಅಂತ ನೀ ಅನ್ನು. ಎಂಟು ದಿನ ಮನ್ಯಾಗ ಇರು. ಪಗಾರ ಮುರಿಯೂದಿಲ್ಲ. ಆಮ್ಯಾಲೆ ಬಂದು ಇದ ಜಾಗಾದಾಗ ನಿಲ್ಲು. ಹೂಂ ಅನ್ನು, ಮುಗೀತು.”

ಪರಶುರಾಮ ಹೆಗಲ ಮೇಲಿನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಕೆಳಗಿಳಿಸಿದ. ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಅಗಳಿ ಸರಿಸಿದ.

ಬಿಸಿಲು ವಾಲಿತ್ತು. ಅವನು ಮೆಟ್ಟಿಲಿಳಿದು ಟ್ರ್ಯಾಕ್ಟರುಗಳ ಪಕ್ಕದಿಂದ ನಡೆದ. ಹಿಂದೆ ಸಾವ್ಕಾರ ಮೆಟ್ಟಿಲ ತನಕ ಬಂದ.

“ಪರಶುರಾಮಾ, ಏನಾರ ಒಂದು ಹೇಳಿ ಹೋಗೋ. ಹೂಂ ಅಂತೀಯೋ, ಇಲ್ಲೋ?”

ಗಾಳೆಪ್ಪ ಸಲಿಕೆ ನಿಲ್ಲಿಸಿ ನೋಡಿದ. ವನಿತಾ ಪೆನ್ನು ಹಿಡಿದುಕೊಂಡೇ ಎದ್ದು ನಿಂತಳು. ಪರಶುರಾಮ ಗೇಟು ದಾಟಿ ರಸ್ತೆಗೆ ಇಳಿದು, ಅಂಚಿಗೆ ಹರವಿದ್ದ ಯಾರದೋ ಗೋವಿನಜೋಳ ತುಳಿಯದಂತೆ ಬದಿಗೆ ಸರಿದು, ಊರ ಕಡೆ ನಡೆದ.