ದೇಸಾಯರ ಮೊದಲ ಮಾನ

ಕುಳಗೇರಿ ಕ್ರಾಸ್ ದಾಟಿ ಬಾದಾಮಿ ಕಡೆ ಹೊರಟರೆ ನಮ್ಮ ಊರು. ಇಲ್ಲಿ ಹೊಸದೇನು ಬಂದರೂ ಮೊದಲ ಮಾನ ದೇಸಾಯರ ಮನೆಗೆ. ಗಿರಣಿ ಬಂದಾಗ ಮೊದಲು ಬೀಸಿದ್ದು ಅವರ ಜೋಳ. ಅದು ದೇಸಾಯಿ ಗಿರಣಿ ಆಯಿತು. ಬಸ್ಸಿಗೆ ಮೊದಲು ಹತ್ತಿದವರು ಅವರು. ಅದು ದೇಸಾಯಿ ಸ್ಟಾಪ್. ಖಾನಾವಳಿಯಲ್ಲಿ ಮೊದಲ ರೊಟ್ಟಿ ಮುರಿದರು, ಅದಕ್ಕೂ ಅವರದೇ ಹೆಸರು. ರಸ್ತೆಗೆ ಹಂಪ್ ಹಾಕಿದ ದಿನ ಬೈಕಿನಿಂದ ಮೊದಲು ಬಿದ್ದವರೂ ಅವರೇ. ದೇಸಾಯಿ ಹಂಪ್ ಎಂದರೆ ಈಗ ಇಳಕಲ್ಲಿನ ಲಾರಿ ಡ್ರೈವರುಗಳಿಗೂ ಗೊತ್ತು.

ಇಂಥ ಊರಲ್ಲಿ ಸ್ಟಾಪಿನ ಹತ್ತಿರ ಶೌಚಾಲಯ ಕಟ್ಟಿದರು. ನಾನು ಅದರೆದುರೇ ಮಿರ್ಚಿ ಕರಿಯುವವಳು. ಮುಂಜಾನೆಯಿಂದ ಸಂಜೆತನಕ ನೀರು ಕುಡಿಯದೆ ಬಿಗಿಹಿಡಿದು ಕೂಡುವುದು ಏನೆಂದು ಈ ಗಂಡಸರಿಗೇನು ಗೊತ್ತು? ಮೂರು ತಿಂಗಳಾದರೂ ಬೀಗ ತೆಗೆಯಲಿಲ್ಲ. ಧರ್ಮರಾಜ ದೇಸಾಯರು ಒಳಗೆ ಹೋಗಲೊಲ್ಲರು, ಅವರಿಗಿಂತ ಮೊದಲು ಹೋಗಲು ಊರಿಗೆ ಧೈರ್ಯವಿಲ್ಲ.

ಒಂದು ದಿನ ಮಿರ್ಚಿ ತಿನ್ನಲು ಬಂದ ದೇಸಾಯರನ್ನೇ ನೇರವಾಗಿ ಕೇಳಿದೆ.

“ಧಣ್ಯಾರ, ಒಂದ್ ಸಲ ಒಳಗ ಹೋಗಿ ಬರ್ರಿ. ಅಷ್ಟ ಸಾಕು.”

“ಮುತ್ತ್ಯಾನ ಕಾಲದ ಹೆಸರು, ಸುಂದರವ್ವ! ನಾಳಿ ಕಂಡಕ್ಟರ್ ‘ದೇಸಾಯಿ ಸಂಡಾಸ, ಇಳೀರಿ’ ಅಂತ ಒದರಿದ್ರ ನಾ ಮಾರಿ ಎಲ್ಲಿಟ್ಕೊಳ್ಳಿ?”

“ಮತ್ತ ನಾವೇನ್ ಸಾಯೂಣೇನ್ರಿ?”

ಅವರು ಮಿರ್ಚಿ ಊದಿ ಊದಿ ತಿಂದರು.

ನನಗೆ ಸಿಟ್ಟು ನೆತ್ತಿಗೇರಿತು. ಬಾಣಲೆ ಇಳಿಸಿ, ಬೀಗದ ಕೀಲಿ ಇಟ್ಟುಕೊಂಡು ತಿರುಗುವ ಪಂಚಾಯಿತಿ ಆಳು ಹುಲ್ಲಪ್ಪನ ಕೊರಳಪಟ್ಟಿ ಹಿಡಿದೆ.

“ಬಾಗಲಾ ತಗಿ.”

“ದೇಸಾಯರು ಇನ್ನೂ ಹೋಗಿಲ್ಲ ಬೇ!”

“ಅವರಿಗೆ ಬಂದಿಲ್ಲ, ನನಗ ಬಂದೈತಿ. ತಗೀತೀಯೋ, ಇಲ್ಲೇ ಕೂಡ್ಲ್ಯೋ?”

ಹುಲ್ಲಪ್ಪ ಬೀಗ ತೆಗೆದ. ನಾನು ಸೆರಗು ಸಿಕ್ಕಿಸಿ ಒಳಗೆ ಹೋದೆ. ಹೊರಬಂದಾಗ ಇಡೀ ಸ್ಟಾಪು ಎದ್ದು ನಿಂತಿತ್ತು. ಖರೆ ಹೇಳುತ್ತೇನೆ, ಮದುವೆಯ ದಿನವೂ ನನಗೆ ಅಷ್ಟು ಖುಷಿ ಆಗಿರಲಿಲ್ಲ. ನನ್ನ ಹಿಂದೆಯೇ ಹನ್ನೊಂದು ಹೆಂಗಸರು ಪಾಳಿ ಹಚ್ಚಿದರು.

ಮರುದಿನ ಬಸ್ಸು ಬಂತು. “ದೇಸಾಯಿ ಸಂಡಾಸ, ಇಳೀರಿ!” ಎಂದು ಕಂಡಕ್ಟರ್ ಒದರಿದ. ಧರ್ಮರಾಜರು ಮಿರ್ಚಿ ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದರು. ನಾನು ಮಿರ್ಚಿ ಕರಿಯುವ ಜಾರಿ ಸೌಟು ಎತ್ತಿಕೊಂಡು ಬಸ್ಸಿಗೆ ಅಡ್ಡ ಓಡಿದೆ.

“ಏ ತಮ್ಮಾ, ಮೊದಲ ಹೋದಾಕಿ ನಾ! ಅವರ ಹೆಸರ್ಯಾಕ?”

“ಈ ಊರಾಗ ಯಾರ್ ಮೊದಲ ಹೋಗ್ತಾರೋ ಅವರ ದೇಸಾಯಿ, ಹೌದಿಲ್ಲೋ?” ಎಂದು ಕಂಡಕ್ಟರ್ ಸೀಟಿ ಊದಿದ.

ಅಷ್ಟರಲ್ಲಿ ಹುಲ್ಲಪ್ಪ ಬಂದು ಕೈಮುಗಿದು ನಿಂತ.

“ದೇಸಾಯ್ರ, ಬರೂ ವಾರ ಹೊಸಾ ಬೋರ್‌ವೆಲ್ ಚಾಲೂ ಆಗ್ತೈತಿ. ಮೊದಲ ಕೊಡ ನೀವ ತುಂಬಬೇಕ್ರಿ.”

ಧರ್ಮರಾಜರು ಮೀಸೆ ಒರೆಸಿಕೊಂಡು ಹಿಗ್ಗಿನಿಂದ ಎದ್ದರು. ಆದರೆ ಹುಲ್ಲಪ್ಪ ಕೈಮುಗಿದು ನಿಂತದ್ದು ನನ್ನ ಕಡೆ ನೋಡಿ.